ಬೆನ್ನ ಮೇಲೆ ಹೆಸರೇಕಿಲ್ಲ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಐಪಿಎಲ್ ನಡೆಯುವ ದಿನಗಳಲ್ಲಿ ಆರ್‌ಸಿಬಿಯ ಕೆಂಪು ಜೆರ್ಸಿ ತೊಟ್ಟು ಕಲಬುರಗಿಯ ಬೀದಿಗಳಲ್ಲಿ ಓಡಾಡುವ ನನ್ನನ್ನು ಪರಿಚಿತರೂ ಅಪರಿಚಿತರೂ ಕೇಳುವ ಪ್ರಶ್ನೆ ಒಂದೇ: “ಬೆನ್ನ ಮ್ಯಾಲ ಹೆಸರ ಯಾಕಿಲ್ರಿ?” ತಂಡದ ಹಳೆಯ ಸೋಲುಗಳನ್ನೆಲ್ಲ ಇಸವಿಸಹಿತ ಹೇಳಬಲ್ಲ ಮನುಷ್ಯ ತನ್ನ ಜೆರ್ಸಿಯ ಬೆನ್ನನ್ನು ಮಾತ್ರ ಖಾಲಿ ಬಿಟ್ಟುಕೊಂಡಿರುವುದು ಅವರಿಗೆ ವಿಚಿತ್ರವಾಗಿ ಕಾಣುತ್ತದೆ. ಕೆಲವರು ಇದನ್ನು ಜಿಪುಣತನವೆಂದು ತಿಳಿಯುತ್ತಾರೆ. ಇನ್ನು ಕೆಲವರು, ಒಳಗೊಳಗೇ ಹೈದರಾಬಾದಿನ ಕಡೆಯವನಿರಬೇಕೆಂದು ಅನುಮಾನಿಸುತ್ತಾರೆ. ಎರಡೂ ನಿಜವಲ್ಲ. ಇನ್ನೂ ಆಡುತ್ತಿರುವ ಆಟಗಾರನ ಹೆಸರನ್ನು ದುಡ್ಡು ಕೊಟ್ಟು ಬೆನ್ನ ಮೇಲೆ ಬರೆಸಿಕೊಂಡರೆ ಆತ ತಂಡ ಬಿಡುತ್ತಾನೆ, ಇಲ್ಲವೇ ಗಾಯಗೊಳ್ಳುತ್ತಾನೆ, ಅದೂ ಅಲ್ಲದಿದ್ದರೆ ಅವನ ಬ್ಯಾಟು ಮಂಕಾಗುತ್ತದೆ ಎಂಬುದು ನಾನು ಪಾಲಿಸಿಕೊಂಡು ಬಂದಿರುವ ಮೂಢನಂಬಿಕೆ. ಮೂಢನಂಬಿಕೆಯೆಂದು ನಾನೇ ಕರೆಯುತ್ತಿರುವುದರಿಂದ, ಅದನ್ನು ತಿಳಿದೂ ಏಕೆ ಬಿಟ್ಟಿಲ್ಲ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ.

ಮೊದಲು ನಿಯಮಗಳು. ನಿವೃತ್ತರಾದವರ ಹೆಸರಿಗೆ ಅಡ್ಡಿಯಿಲ್ಲ, ಏಕೆಂದರೆ ಅವರಿಗೆ ಆಗಬೇಕಾದದ್ದೆಲ್ಲ ಆಗಿಹೋಗಿದೆ. ಡಿವಿಲಿಯರ್ಸ್ ಅವರ 17 ಮತ್ತು ಗೇಲ್ ಅವರ 333, ಈ ಎರಡು ಸಂಖ್ಯೆಗಳನ್ನು ತಂಡವೇ 2023ರಲ್ಲಿ ಬೇರೆ ಯಾರಿಗೂ ಕೊಡುವುದಿಲ್ಲವೆಂದು ಎತ್ತಿಟ್ಟಿರುವುದರಿಂದ ಅವು ಅತ್ಯಂತ ಸುರಕ್ಷಿತ. ಆಡುತ್ತಿರುವವರ ಹೆಸರನ್ನು ಬರೆಸಲೇಬೇಕೆಂದರೆ ಶತಕ ಹೊಡೆದ ವಾರದಲ್ಲಿ ಬರೆಸಬಾರದು, ಪ್ಲೇಆಫ್ ಹತ್ತಿರ ಬಂದಾಗ ಬರೆಸಬಾರದು, ಹರಾಜಿಗೆ ಮುಂಚಿನ ತಿಂಗಳುಗಳಲ್ಲಂತೂ ಆ ಯೋಚನೆಯನ್ನೇ ಮಾಡಬಾರದು. ಉಡುಗೊರೆಯಾಗಿ ಬಂದ ಜೆರ್ಸಿಯ ಪಾಪ ಕೊಟ್ಟವರಿಗೆ ಸೇರುತ್ತದೆ. ಮಕ್ಕಳ ಅಳತೆಯ ಜೆರ್ಸಿಗೆ ಯಾವ ನಿಯಮವೂ ಅನ್ವಯಿಸುವುದಿಲ್ಲ. ಇವುಗಳಲ್ಲಿ ಅರ್ಧದಷ್ಟು ನನ್ನವು. ಉಳಿದವು ಸೂಪರ್ ಮಾರ್ಕೆಟ್ ಸುತ್ತಲಿನ ಅಂಗಡಿಗಳಲ್ಲಿ, ಎನ್.ವಿ. ಮೈದಾನದ ಬದಿಯ ಕಟ್ಟೆಗಳಲ್ಲಿ ನನ್ನಂಥವರ ಬಾಯಿಂದಲೇ ಕೇಳಿ ಸಂಗ್ರಹಿಸಿದವು.

ಈ ತಾಪತ್ರಯ ಹಿಂದಿನವರಿಗೆ ಇರಲಿಲ್ಲ. ಜಿ.ಆರ್. ವಿಶ್ವನಾಥ್ ಆಡುತ್ತಿದ್ದ ಕಾಲದಲ್ಲಿ ಅಭಿಮಾನಿಗೆ ಅಂಗಿಯ ಮೇಲೆ ಬರೆಸಿಕೊಳ್ಳುವ ಆಸೆಯೇ ಹುಟ್ಟುವಂತಿರಲಿಲ್ಲ, ಏಕೆಂದರೆ ಅವರ ಬಿಳಿ ಅಂಗಿಯ ಮೇಲೇ ಹೆಸರಿರಲಿಲ್ಲ. ವಿಶ್ವಕಪ್ಪಿನಲ್ಲಿ ಬಣ್ಣದ ಉಡುಪು ಮತ್ತು ಬೆನ್ನ ಮೇಲಿನ ಹೆಸರು ಬಂದದ್ದು 1992ರಲ್ಲಿ, ಸಂಖ್ಯೆ ಬಂದದ್ದು 1999ರಲ್ಲಿ. ಟೆಸ್ಟ್ ಪಂದ್ಯಗಳಿಗೆ ಹೆಸರು ಮತ್ತು ಸಂಖ್ಯೆ ಬಂದದ್ದು 2019ರಲ್ಲಿ. ಹೆಸರು ಅಂಗಿಗೆ ಬಂದ ಮೇಲೆ ಆಟಗಾರರಿಗೇ ಅದರ ಚಿಂತೆ ಹತ್ತಿತು. ವೀರೇಂದ್ರ ಸೆಹ್ವಾಗ್ 2011ರ ವಿಶ್ವಕಪ್ಪನ್ನು ಸಂಖ್ಯೆಯೇ ಇಲ್ಲದ ಜೆರ್ಸಿಯಲ್ಲಿ ಆಡಿದರು. ಮೈದಾನದ ಒಳಗಿರುವವರೇ ಹೀಗೆ ಎಚ್ಚರಿಕೆಯಿಂದ ಇರುವಾಗ, ಹೊರಗಿದ್ದು ಏನನ್ನೂ ಮಾಡಲಾಗದ ನಾವು ಜೆರ್ಸಿಯ ವಿಷಯದಲ್ಲಾದರೂ ಎಚ್ಚರ ವಹಿಸುವುದು ಅಸಹಜವೇನಲ್ಲ.

ನನ್ನ ನಿಯಮ ಹುಟ್ಟಿದ್ದು ಕೆ.ಎಲ್. ರಾಹುಲ್ ಅವರಿಂದ. 2016ರ ಐಪಿಎಲ್‌ನಲ್ಲಿ ಆರ್‌ಸಿಬಿ ಪರವಾಗಿ 397 ರನ್ ಹೊಡೆದು, ಆಗಾಗ ಕೀಪಿಂಗ್ ಗ್ಲೌಸನ್ನೂ ತೊಟ್ಟು, ಅದೇ ಜೂನ್‌ನಲ್ಲಿ ಜಿಂಬಾಬ್ವೆಯಲ್ಲಿ ತಮ್ಮ ಮೊದಲ ಏಕದಿನ ಪಂದ್ಯದಲ್ಲೇ ಶತಕ ಬಾರಿಸಿದ ಅವರು ಇನ್ನು ಹತ್ತು ವರ್ಷ ನಮ್ಮವರೆಂದು ನಾನು ನಂಬಿದ್ದೆ. ಕರ್ನಾಟಕದವರು, ವಯಸ್ಸು ಚಿಕ್ಕದು, ಹೆಸರು ಜೆರ್ಸಿಯ ಮೇಲೆ ಚೆಂದ ಕಾಣುವಷ್ಟೇ ಉದ್ದ. ಬರೆಸಿದೆ. 2017ರಲ್ಲಿ ಭುಜದ ಗಾಯದಿಂದಾಗಿ ಅವರು ಇಡೀ ಐಪಿಎಲ್‌ನಿಂದ ಹೊರಗುಳಿದರು; ಆ ವರ್ಷ ತಂಡ ಕೋಲ್ಕತ್ತದಲ್ಲಿ 49 ರನ್ನಿಗೆ ಆಲೌಟ್ ಆಗಿ ಪಟ್ಟಿಯ ಕೊನೆಯ ಸ್ಥಾನಕ್ಕೆ ಇಳಿಯಿತು. 2018ರ ಹರಾಜಿನಲ್ಲಿ ಪಂಜಾಬ್ ತಂಡ ಅವರನ್ನು 11 ಕೋಟಿ ರೂಪಾಯಿಗೆ ಕೊಂಡಿತು, ಮತ್ತು ಅವರು ಆ ತಂಡಕ್ಕಾಗಿ 659 ರನ್ ಗಳಿಸಿದರು. ನನ್ನ ಕಪಾಟಿನಲ್ಲಿದ್ದ ಜೆರ್ಸಿಗೆ ಇನ್ನೂ ಮಡಿಕೆಯ ಗೆರೆ ಹೋಗಿರಲಿಲ್ಲ.

ಒಂದು ಉದಾಹರಣೆಯಿಂದ ನಿಯಮವಾಗುವುದಿಲ್ಲವೆಂದು ಹೇಳುವವರಿಗೆ ಉಳಿದವನ್ನು ಬೇಗಬೇಗ ಹೇಳುತ್ತೇನೆ. ಯಜುವೇಂದ್ರ ಚಾಹಲ್ ಆರ್‌ಸಿಬಿಗಾಗಿ 2014ರಿಂದ 2021ರವರೆಗೆ ಆಡಿ ತಂಡದ ಅತಿ ಹೆಚ್ಚು ವಿಕೆಟ್‌ಗಳ ಬೌಲರ್ ಆಗಿದ್ದರು. 2022ಕ್ಕೆ ಅವರನ್ನು ಉಳಿಸಿಕೊಳ್ಳಲಿಲ್ಲ, ರಾಜಸ್ಥಾನಕ್ಕೆ ಹೋದ ಅವರು ಅದೇ ವರ್ಷ 27 ವಿಕೆಟ್ ಪಡೆದು, ಋತುವಿನಲ್ಲಿ ಅತಿ ಹೆಚ್ಚು ವಿಕೆಟ್ ಕಿತ್ತವರಿಗೆ ಸಿಗುವ ಪರ್ಪಲ್ ಕ್ಯಾಪ್ ತೊಟ್ಟರು. ದೇವದತ್ತ ಪಡಿಕ್ಕಲ್ 2020ರಲ್ಲಿ 473 ರನ್ ಹೊಡೆದು, 2021ರಲ್ಲಿ ಶತಕ ಬಾರಿಸಿ, 2022ರಲ್ಲಿ ಅವರೂ ರಾಜಸ್ಥಾನಕ್ಕೆ ಹೋದರು. 2025ರಲ್ಲಿ ತವರಿಗೆ ಮರಳಿ, ಕಪ್ಪು ಗೆಲ್ಲುವ ಮೊದಲೇ ಗಾಯಗೊಂಡು ಹೊರಬಿದ್ದರು. ಮೊಹಮ್ಮದ್ ಸಿರಾಜ್ ಅವರ ಜೆರ್ಸಿಗಳು ನಮ್ಮ ಊರಿನಲ್ಲಿ ಬೇರೆಡೆಗಿಂತ ಹೆಚ್ಚಾಗಿಯೇ ಕಾಣುತ್ತಿದ್ದವು, ಏಕೆಂದರೆ ಹೈದರಾಬಾದಿನ ಹುಡುಗ ಬೆಂಗಳೂರಿಗೆ ಆಡುವುದೆಂದರೆ ಕಲಬುರಗಿಯ ಎರಡು ಮನಸ್ಸುಗಳೂ ಒಂದೇ ಜೆರ್ಸಿಯಲ್ಲಿ ಹಿಡಿಸುತ್ತಿದ್ದವು. ಅವರನ್ನು ಗುಜರಾತ್ ತಂಡ 12.25 ಕೋಟಿಗೆ ಕೊಂಡಿತು. 2025ರ ಏಪ್ರಿಲ್ 2ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅವರೇ ಮೂರು ವಿಕೆಟ್ ಕಿತ್ತು ಆರ್‌ಸಿಬಿಯನ್ನು ಸೋಲಿಸಿದರು, ಏಪ್ರಿಲ್ 10ರಂದು ಅದೇ ಮೈದಾನದಲ್ಲಿ ರಾಹುಲ್ ದೆಹಲಿಗಾಗಿ ಅಜೇಯ 93 ರನ್ ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದಂತೆ ಮಾಡಿ ಇದು ನನ್ನ ಮೈದಾನವೆಂದು ತೋರಿಸಿದರು. ಎಂಟು ದಿನಗಳ ಅಂತರದಲ್ಲಿ ಹಳೆಯ ಜೆರ್ಸಿಗಳೆರಡು ನಮ್ಮನ್ನು ಸೋಲಿಸಿದವು ಎಂದು ಜಗತ್ ವೃತ್ತದ ಚಹಾದ ಅಂಗಡಿಯಲ್ಲಿ ಯಾರೋ ಹೇಳಿದ್ದನ್ನು ನಾನು ಒಪ್ಪಿದ್ದೆ.

ಬೆಂಗಳೂರಿನ ತಂಡದ ಮಾತು ಹಾಗಿರಲಿ, ನಮ್ಮದೇ ಊರಿನ ಹೆಸರಿರುವ ತಂಡದಲ್ಲೂ ಇದೇ ಕಥೆ. ರಾಜ್ಯದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿಯ ಮೊದಲ ವರ್ಷ 2022ರಲ್ಲಿ ಗುಲ್ಬರ್ಗಾ ಮಿಸ್ಟಿಕ್ಸ್ ಮನೀಷ್ ಪಾಂಡೆ ಅವರ ನಾಯಕತ್ವದಲ್ಲಿ ಚಾಂಪಿಯನ್ ಆಯಿತು. ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ, ಜೆರ್ಸಿಯ ಮೇಲಿದ್ದದ್ದು ಊರು 2014ರಲ್ಲೇ ಕೈಬಿಟ್ಟಿದ್ದ ಹಳೆಯ ಹೆಸರು. ಆದರೂ ಕಪ್ಪು ಕಪ್ಪೇ, ನಾವು ಸಂಭ್ರಮಿಸಿದೆವು. ಮರುವರ್ಷ ಪಾಂಡೆ ಹುಬ್ಬಳ್ಳಿ ಟೈಗರ್ಸ್ ತಂಡದ ನಾಯಕರಾಗಿ ಹೋಗಿ ಹುಬ್ಬಳ್ಳಿಗೂ ಕಪ್ಪು ಗೆದ್ದುಕೊಟ್ಟರು. 2024ರಲ್ಲಿ ಪಡಿಕ್ಕಲ್ ನಮ್ಮ ನಾಯಕರಾದರು. 2025ರ ಹರಾಜಿನಲ್ಲಿ ಅವರನ್ನೂ ಹುಬ್ಬಳ್ಳಿಯೇ ಕೊಂಡಿತು. ನಮ್ಮ ಕಡೆಯಿಂದ ಹುಬ್ಬಳ್ಳಿಗೆ ಹೋಗುವ ದಾರಿ ಅಷ್ಟು ಸಲೀಸಾಗಿಲ್ಲವೆಂಬುದು ಬಸ್ಸಿನಲ್ಲಿ ಓಡಾಡುವವರಿಗೆಲ್ಲ ಗೊತ್ತು, ಆದರೆ ನಾಯಕರಿಗೆ ಅದು ಅಡ್ಡಿಯಾದಂತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಇದರ ಹಿಂದೆ ಯಾವ ಶಾಪವೂ ಇಲ್ಲವೆಂಬುದನ್ನು ನಾನೇ ಹೇಳಬೇಕು. ಅಭಿಮಾನಿ ಜೆರ್ಸಿ ಕೊಳ್ಳುವುದು ಯಾವಾಗ? ಆಟಗಾರ ತನ್ನ ಸಾಮರ್ಥ್ಯದ ತುತ್ತತುದಿಯಲ್ಲಿದ್ದಾಗ. ತುತ್ತತುದಿಯಿಂದ ಮುಂದಿನ ಹೆಜ್ಜೆ ಬಹುಮಟ್ಟಿಗೆ ಕೆಳಕ್ಕೇ ಇರುತ್ತದೆ. ವಿರಾಟ್ ಕೊಹ್ಲಿ 2016ರಲ್ಲಿ ನಾಲ್ಕು ಶತಕಗಳೊಂದಿಗೆ 973 ರನ್ ಹೊಡೆದರು. ಆ ವರ್ಷ ಅವರ ಜೆರ್ಸಿ ಕೊಂಡವರು 2017ರಲ್ಲಿ ನೋಡಿದ್ದು 10 ಪಂದ್ಯಗಳಿಂದ 308 ರನ್. ಕೊಹ್ಲಿ ಕೆಟ್ಟ ಆಟಗಾರರಾದದ್ದಲ್ಲ. ಒಂದೇ ಋತುವಿನಲ್ಲಿ 973 ರನ್ ಎನ್ನುವುದು ಯಾರಿಗೂ ಎರಡನೆಯ ಸಲ ಸಿಗುವಂಥದ್ದಲ್ಲ. ಅಸಾಧಾರಣವಾದ ಒಂದು ಅಳತೆಯ ನಂತರ ಬರುವ ಅಳತೆ ಸರಾಸರಿಯ ಕಡೆಗೆ ಸರಿಯುವುದು ಲೆಕ್ಕಶಾಸ್ತ್ರಕ್ಕೆ ಬಹಳ ಹಿಂದಿನಿಂದಲೂ ಗೊತ್ತಿರುವ ಸಂಗತಿ. ನಮ್ಮ ಜಿಲ್ಲೆಯಲ್ಲಿ ಇದನ್ನು ತೊಗರಿಯ ಮಾತಿನಲ್ಲಿ ಹೇಳಿದರೆ ಯಾರಿಗೂ ಬಿಡಿಸಿ ಹೇಳಬೇಕಾಗುವುದಿಲ್ಲ. 2015ರಲ್ಲಿ ತೊಗರಿಯ ಬೆಲೆ ಆಕಾಶಕ್ಕೇರಿದ್ದನ್ನು ಕಂಡು 2016ರಲ್ಲಿ ಎಲ್ಲರೂ ತೊಗರಿ ಬಿತ್ತಿದರು, ಫಸಲು ಮನೆಗೆ ಬರುವ ಹೊತ್ತಿಗೆ ಪೇಟೆಯ ಬೆಲೆ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು. ಜೆರ್ಸಿ ಕೊಳ್ಳುವವನೂ ಹಿಂದಿನ ವರ್ಷದ ದರ ನೋಡಿ ಬಿತ್ತುವವನೇ. ಆದರೆ ಒಂದು ವ್ಯತ್ಯಾಸವಿದೆ, ನನ್ನ ಮೂಢನಂಬಿಕೆ ಮರೆಮಾಚುವುದು ಅದನ್ನೇ: ತೊಗರಿಯ ಬೆಲೆ ಬಿದ್ದದ್ದರಲ್ಲಿ ಎಲ್ಲರೂ ಬಿತ್ತಿದ್ದರ ಪಾಲು ನಿಜವಾಗಿಯೂ ಇತ್ತು, ಕೊಹ್ಲಿಯ ರನ್ ಇಳಿದದ್ದರಲ್ಲಿ ಜೆರ್ಸಿ ಕೊಂಡವರ ಪಾಲು ಎಳ್ಳಷ್ಟೂ ಇರಲಿಲ್ಲ.

ಗಾಯ ಮತ್ತು ಮಂಕುತನಕ್ಕೆ ಲೆಕ್ಕಶಾಸ್ತ್ರದ ಉತ್ತರ ಸಾಕು. ತಂಡ ಬಿಡುವುದಕ್ಕೆ ಇನ್ನೂ ಸರಳವಾದ ಉತ್ತರವಿದೆ, ಅದು ಹರಾಜಿನ ನಿಯಮ. 2011, 2014, 2018, 2022, ಮತ್ತೆ 2025ರ ಋತುವಿಗಾಗಿ, ಹೀಗೆ ಮೂರು ನಾಲ್ಕು ವರ್ಷಗಳಿಗೊಮ್ಮೆ ತಂಡಗಳನ್ನು ಬಿಚ್ಚಿ ಹೊಸದಾಗಿ ಕಟ್ಟುವ ಮಹಾ ಹರಾಜು ನಡೆಯುತ್ತದೆ. 2022ರ ಹರಾಜಿಗೆ ಮೊದಲು ಹಳೆಯ ತಂಡಗಳು ತಲಾ ನಾಲ್ವರನ್ನು ಮಾತ್ರ ಉಳಿಸಿಕೊಳ್ಳಬಹುದಾಗಿತ್ತು, ಆರ್‌ಸಿಬಿ ಕೊಹ್ಲಿ, ಮ್ಯಾಕ್ಸ್‌ವೆಲ್ ಮತ್ತು ಸಿರಾಜ್ ಮೂವರನ್ನಷ್ಟೇ ಉಳಿಸಿಕೊಂಡಿತು. 2025ಕ್ಕೆ ಆರು ಮಂದಿಗೆ ಅವಕಾಶವಿದ್ದರೂ ಉಳಿದದ್ದು ಕೊಹ್ಲಿ, ರಜತ್ ಪಾಟೀದಾರ್ ಮತ್ತು ಯಶ್ ದಯಾಳ್. ಅಂದರೆ ಯಾವುದೇ ಆಟಗಾರನ ಹೆಸರನ್ನು ಕಣ್ಣು ಮುಚ್ಚಿ ಆರಿಸಿ ಬರೆಸಿದರೂ ಕೆಲವೇ ವರ್ಷಗಳಲ್ಲಿ ಆತ ಬೇರೆ ಬಣ್ಣದಲ್ಲಿ ಕಾಣಿಸುವ ಸಂಭವವೇ ಹೆಚ್ಚು. ಉಳಿಸಿಕೊಳ್ಳುವ ಪಟ್ಟಿ ಹೊರಬರುವವರೆಗೆ ಕಾಯದೆ ಹೆಸರು ಬರೆಸುವುದನ್ನು ಅಪಶಕುನ ಎನ್ನುವುದಕ್ಕಿಂತ ಆತುರ ಎನ್ನುವುದೇ ಸರಿ. ಆಟಗಾರರ ಹೆಸರಿನ ಜೆರ್ಸಿಯನ್ನು ತಂಡಗಳು ಮಾರುವ ಉತ್ಸಾಹಕ್ಕೂ ಆ ಆಟಗಾರರನ್ನು ಬಿಟ್ಟುಕೊಡುವ ಸಲೀಸಿಗೂ ಇರುವ ಅಂತರ ನನಗೆ ಇವತ್ತಿಗೂ ಸರಿಯೆನಿಸಿಲ್ಲ.

ಇದನ್ನು ಯೋಚಿಸುತ್ತ ಹೋದಾಗ ನನಗೆ ಹೊಳೆದ ಇನ್ನೊಂದು ಸಂಗತಿಯಿದೆ. ನಾವು ಇದನ್ನು ಆಟಗಾರನಿಗೆ ತಗಲುವ ನೆದರು, ಅಂದರೆ ಕೆಟ್ಟ ದೃಷ್ಟಿ, ಎಂದು ಮಾತನಾಡುತ್ತೇವೆ, ಆದರೆ ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ ಆಟಗಾರರಿಗೆ ಏನೂ ಕೆಡುಕಾಗಿಲ್ಲ. ರಾಹುಲ್ ಅವರಿಗೆ 659 ರನ್, ಚಾಹಲ್ ಅವರಿಗೆ ಪರ್ಪಲ್ ಕ್ಯಾಪ್, ಪಾಂಡೆ ಅವರಿಗೆ ಎರಡನೆಯ ಕಪ್ಪು. 2016ರ ಫೈನಲ್‌ನಲ್ಲಿ ನಮಗಾಗಿ ನಾಲ್ಕು ಓವರಿನಲ್ಲಿ 61 ರನ್ ಕೊಟ್ಟ ಶೇನ್ ವಾಟ್ಸನ್ 2018ರ ಫೈನಲ್‌ನಲ್ಲಿ ಚೆನ್ನೈಗಾಗಿ ಅಜೇಯ 117 ಹೊಡೆದರು. ಬಿಟ್ಟುಹೋದವರು ಉದ್ಧಾರವಾದರು, ನೆದರು ತಗಲಿದ್ದು ಜೆರ್ಸಿಗೆ ಮತ್ತು ಅದನ್ನು ತೊಟ್ಟವನಿಗೆ. ಹಾಗಾದರೆ ನಾನು ಹೆಸರು ಬರೆಸದೆ ಕಾಪಾಡುತ್ತಿರುವುದು ಆಟಗಾರನನ್ನಲ್ಲ, ನನ್ನನ್ನೇ. ಹೋದವರ ಹೆಸರು ಹೊತ್ತು ಬೀದಿಗಿಳಿಯುವ ಮುಜುಗರದಿಂದ, “ನಿಮ್ಮಾಂವ ಈಗ ಎಲ್ಲಿದ್ದಾನ್ರಿ?” ಎಂಬ ಮಾತಿನಿಂದ ತಪ್ಪಿಸಿಕೊಳ್ಳುವ ಉಪಾಯಕ್ಕೆ ಮೂಢನಂಬಿಕೆಯ ಘನತೆ ಕೊಟ್ಟಿದ್ದೇನೆ.

ಈ ಮುಜುಗರ ಕಲಬುರಗಿಯಲ್ಲಿ ಬೆಂಗಳೂರಿನಲ್ಲಿ ಇರುವುದಕ್ಕಿಂತ ಹೆಚ್ಚು. ಬೆಂಗಳೂರು ನಮಗೆ ಸುಮಾರು 600 ಕಿಲೋಮೀಟರ್ ದೂರ, ಹೈದರಾಬಾದು ಅದರ ಅರ್ಧಕ್ಕಿಂತಲೂ ಹತ್ತಿರ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲೇ ಇದ್ದವರು. ಆಸ್ಪತ್ರೆಗೆ, ಮದುವೆಯ ಬಟ್ಟೆಗೆ, ವಿಮಾನಕ್ಕೆ ಇಂದಿಗೂ ಆ ಕಡೆಗೇ ಮುಖ ಮಾಡುವ ಮನೆಗಳು ಬಹಳ. ಹೀಗಾಗಿ ನಮ್ಮ ಓಣಿಗಳಲ್ಲಿ ಹೈದರಾಬಾದ್ ತಂಡದ ಕಿತ್ತಳೆ ಬಣ್ಣದ ಜೆರ್ಸಿಗಳೂ ಧಾರಾಳವಾಗಿವೆ, ಮತ್ತು ಅವುಗಳನ್ನು ತೊಟ್ಟವರಿಗೆ ನಮ್ಮನ್ನು ಕೆಣಕಲು ಬೇಕಾದ ಸಾಮಗ್ರಿ ಇತಿಹಾಸದಲ್ಲೇ ಇದೆ. 2009ರ ಫೈನಲ್‌ನಲ್ಲಿ ಆರ್‌ಸಿಬಿಯನ್ನು 6 ರನ್ನಿನಿಂದ ಸೋಲಿಸಿದ್ದು ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್; 2016ರ ಫೈನಲ್‌ನಲ್ಲಿ, ಅದೂ ಚಿನ್ನಸ್ವಾಮಿಯಲ್ಲೇ, ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೆ 114 ರನ್ ಸೇರಿಸಿದ ಮೇಲೂ 8 ರನ್ನಿನಿಂದ ಸೋಲಿಸಿದ್ದು ಹೈದರಾಬಾದಿನ ಸನ್‌ರೈಸರ್ಸ್. ಬೆಂಗಳೂರಿನ ಅಭಿಮಾನಿ ಸೋತ ಮರುದಿನ ತನ್ನಂಥವರ ನಡುವೆಯೇ ಇರುತ್ತಾನೆ. ಇಲ್ಲಿನ ಅಭಿಮಾನಿ ಗೆದ್ದವರ ಪಕ್ಕದ ಮನೆಯಲ್ಲಿರುತ್ತಾನೆ.

1976ರಲ್ಲಿ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಏಳು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಸೋಮವಾರ ಯಾವ ಬಟ್ಟೆ ತೊಟ್ಟು ತರಗತಿಗೆ ಬರುತ್ತಾರೆಂದು ಎಣಿಸಲಾಗಿತ್ತು. ವಾರಾಂತ್ಯದಲ್ಲಿ ತಮ್ಮ ಫುಟ್‌ಬಾಲ್ ತಂಡ ಗೆದ್ದಿದ್ದರೆ ವಿಶ್ವವಿದ್ಯಾಲಯದ ಹೆಸರಿರುವ ಅಂಗಿಗಳು ಹೆಚ್ಚು ಕಾಣುತ್ತಿದ್ದವು. ಗೆದ್ದಾಗ ನಾವು ಗೆದ್ದೆವು ಎನ್ನುವವರು ಸೋತಾಗ ಅವರು ಸೋತರು ಎನ್ನುತ್ತಿದ್ದರು. ಆರ್‌ಸಿಬಿಯ ಅಭಿಮಾನಿಗಳನ್ನು ಎಣಿಸಿದ್ದರೆ ಆ ಅಧ್ಯಯನ ಅಷ್ಟು ಸುಲಭವಾಗಿ ಮುಗಿಯುತ್ತಿರಲಿಲ್ಲವೆಂದು ನನ್ನ ನಂಬಿಕೆ. ಹದಿನೇಳು ಋತುಗಳ ಕಾಲ ಪ್ರತಿ ವರ್ಷವೂ ಈ ಸಲ ಕಪ್ ನಮ್ದೇ ಎಂದು ಸೋಲಿನ ಮರುದಿನವೂ ಅದೇ ಜೆರ್ಸಿ ತೊಟ್ಟವರು ನಾವು. ಹಾಗೆ ತೊಡಲು ಸಾಧ್ಯವಾದದ್ದು ಎದೆಯ ಮೇಲಿನ ಹೆಸರು ತಂಡದ್ದಾದ್ದರಿಂದ. ಆ ಹೆಸರೂ 2024ರಲ್ಲಿ ಬ್ಯಾಂಗಲೋರ್ ಹೋಗಿ ಬೆಂಗಳೂರು ಆಯಿತೆನ್ನಿ, ಆದರೆ ಅದರಿಂದ ಯಾರಿಗೂ ಮುಜುಗರವಾಗಲಿಲ್ಲ, ಹಳೆಯ ಜೆರ್ಸಿಗೆ ಇನ್ನಷ್ಟು ಬೆಲೆ ಬಂತು.

ಈಗ ಕೊಹ್ಲಿಯ ವಿಷಯ, ಏಕೆಂದರೆ ಪ್ರಶ್ನೆಯ ಎರಡನೆಯ ಭಾಗ ಯಾವಾಗಲೂ ಅದೇ: ಉಳಿದವರು ಹೋಗಲಿ, 2008ರಿಂದ ಒಂದೇ ತಂಡಕ್ಕೆ ಆಡುತ್ತಿರುವ ಕೊಹ್ಲಿಯ 18 ಬರೆಸಿಕೊಳ್ಳಲು ಏನಡ್ಡಿ? ಅಡ್ಡಿಯಿಲ್ಲ. ಯಾರು ಬೇಕಾದರೂ ಬರೆಸಿಕೊಳ್ಳಬಹುದು. ನೆದರಿನ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ನಾನು ಬಹಳ ಯೋಚಿಸಿ ಕಂಡುಕೊಂಡೆ: ಜೆರ್ಸಿ ತೊಟ್ಟವರ ಸಂಖ್ಯೆ ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲಿನ ಹೊಣೆ ಕಡಿಮೆಯಾಗುತ್ತದೆ. ಕೊಹ್ಲಿ ಸೊನ್ನೆಗೆ ಔಟಾದರೆ ಲಕ್ಷಾಂತರ ಜೆರ್ಸಿಗಳಲ್ಲಿ ಯಾವುದನ್ನು ದೂರುವುದು? ಅದೇ ಪಡಿಕ್ಕಲ್ ಅವರ ಹೆಸರಿನ ಜೆರ್ಸಿ ಇಡೀ ಬಡಾವಣೆಯಲ್ಲಿ ನಿಮ್ಮದೊಂದೇ ಆಗಿದ್ದರೆ, ಸ್ನಾಯು ಸೆಳೆತದ ಸುದ್ದಿ ಬಂದ ಸಂಜೆ ನೀವು ಮನೆಯಿಂದ ಹೊರಗೆ ಬರದಿರುವುದೇ ಒಳ್ಳೆಯದು. ನನಗೆ ಕೊಹ್ಲಿಯ ಜೆರ್ಸಿ ಬೇಡವಾದದ್ದು ಈ ಕಾರಣಕ್ಕೇ. ಯಾವ ಹೊಣೆಯೂ ಇಲ್ಲದ ಜೆರ್ಸಿ ತೊಟ್ಟು ನೋಡುವ ಪಂದ್ಯದಲ್ಲಿ ರುಚಿಯಿಲ್ಲ. ಹೊಣೆ ಬೇಡವೆಂದು ಹೆಸರು ಬಿಟ್ಟವನು ಹೊಣೆಯಿಲ್ಲದ ಜೆರ್ಸಿಯನ್ನೂ ಬೇಡವೆನ್ನುವುದು ವಿರೋಧಾಭಾಸವೆಂದು ತೋರಬಹುದು, ಆದರೆ ಮೂಢನಂಬಿಕೆಗೆ ತರ್ಕಶಾಸ್ತ್ರದ ಪರವಾನಗಿ ಬೇಕೆಂದು ಯಾರೂ ಹೇಳಿಲ್ಲ.

ಬೆನ್ನಿನಂತೆ ಎದೆಗೂ ಅಪಶಕುನದ ಕಥೆಗಳಿವೆ. ಭಾರತ ತಂಡದ ಜೆರ್ಸಿಯ ಮೇಲೆ ಹೆಸರು ಹಾಕಿಸಿದ ಕಂಪನಿಗಳಿಗೆಲ್ಲ ಗ್ರಹಚಾರ ಕಾದಿದೆಯೆಂದು ನಗುತ್ತ ಹೇಳುವವರು ಸಹಾರಾ, ಬೈಜೂಸ್, ಡ್ರೀಮ್ 11 ಎಂದು ಬೆರಳು ಮಡಿಸುತ್ತಾರೆ. ಸಹಾರಾದ ಮುಖ್ಯಸ್ಥರು 2014ರಲ್ಲಿ ಜೈಲು ಸೇರಿದ್ದು, ಬೈಜೂಸ್ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾದದ್ದು, 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ ನಿಷೇಧ ಬಂದು ಡ್ರೀಮ್ 11 ಜೆರ್ಸಿಯಿಂದ ಹೊರಬಿದ್ದದ್ದು ಎಲ್ಲವೂ ನಿಜ. ಆದರೆ ನಡುವೆ ಸ್ಟಾರ್ ಮತ್ತು ಒಪ್ಪೊ ಹೆಸರುಗಳೂ ಅದೇ ಜಾಗದಲ್ಲಿದ್ದವು, ಅವುಗಳನ್ನು ಎಣಿಸುವಾಗ ಬೆರಳು ಮಡಚುವುದಿಲ್ಲ. ಆರ್‌ಸಿಬಿಯ ಹಸಿರು ಜೆರ್ಸಿಯ ಮೇಲಿನ ಅಪವಾದವೂ ಹೀಗೆಯೇ ಕಟ್ಟಿದ್ದು. ವರ್ಷಕ್ಕೊಮ್ಮೆ ತೊಡುವ ಆ ಜೆರ್ಸಿ ತಂಡಕ್ಕೆ ಆಗಿಬರುವುದಿಲ್ಲ ಎನ್ನುವವರು 2024ರಲ್ಲಿ ಕೋಲ್ಕತ್ತದಲ್ಲಿ ಒಂದೇ ರನ್ನಿನಿಂದ ಸೋತದ್ದನ್ನು ನೆನೆಯುತ್ತಾರೆ. 2016ರಲ್ಲಿ ಅದೇ ಹಸಿರಿನಲ್ಲಿ ಕೊಹ್ಲಿ ಮತ್ತು ಡಿವಿಲಿಯರ್ಸ್ ಇಬ್ಬರೂ ಶತಕ ಹೊಡೆದು ಗುಜರಾತ್ ಲಯನ್ಸ್ ತಂಡವನ್ನು 144 ರನ್ನಿನಿಂದ ಸೋಲಿಸಿದ್ದನ್ನು, 2025ರಲ್ಲಿ ಜೈಪುರದಲ್ಲಿ 9 ವಿಕೆಟ್‌ಗಳಿಂದ ಗೆದ್ದದ್ದನ್ನು ಮರೆಯುತ್ತಾರೆ.

ನನ್ನ ಖಾಲಿ ಬೆನ್ನಿಗೂ ಇದೇ ಮಾತು ಅನ್ವಯಿಸುತ್ತದೆ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ 190 ರನ್ ಹೊಡೆದು ಪಂಜಾಬನ್ನು 184ಕ್ಕೆ ನಿಲ್ಲಿಸಿ ಕೊನೆಗೂ ಕಪ್ಪು ಗೆದ್ದಾಗ ನಾನು ತೊಟ್ಟದ್ದು ಹೆಸರಿಲ್ಲದ ಜೆರ್ಸಿಯನ್ನೇ. ಅಂದಿನಿಂದ ನನ್ನ ನಿಯಮಕ್ಕೆ ಕಲಬುರಗಿಯಲ್ಲಿ ಒಂದಿಷ್ಟು ಅನುಯಾಯಿಗಳು ಹುಟ್ಟಿಕೊಂಡಿದ್ದಾರೆ. ಆದರೆ ಅದೇ ಖಾಲಿ ಬೆನ್ನು 2018ರಿಂದ 2024ರವರೆಗಿನ ಪ್ರತಿಯೊಂದು ನಿರಾಶೆಯನ್ನೂ ಅಷ್ಟೇ ನಿಷ್ಠೆಯಿಂದ ನೋಡಿದೆ ಎಂಬುದನ್ನು ಅವರು ಕೇಳಿಸಿಕೊಳ್ಳುವುದಿಲ್ಲ. ಈಗ ಕಪ್ಪು ಬಂತಲ್ಲ, ಇನ್ನಾದರೂ ಹೆಸರು ಬರೆಸಬಹುದಲ್ಲ ಎಂದು ಕೇಳುವವರೂ ಹೆಚ್ಚಾಗಿದ್ದಾರೆ. ಅವರಿಗೆ ನನ್ನ ಉತ್ತರ, ಕಪ್ಪು ಬಂದ ವರ್ಷವೆಂದರೆ ಎಲ್ಲರೂ ತುತ್ತತುದಿಯಲ್ಲಿರುವ ವರ್ಷ, ಹೆಸರು ಬರೆಸಲು ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ.

ಒಂದು ಮಿತಿಯನ್ನು ಮಾತ್ರ ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಕಪ್ಪು ಗೆದ್ದ ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ತೀರಿಕೊಂಡರು. ಗೆಲುವಿಗೆ ನೆದರು ತಗಲಿತು ಎಂಬ ಮಾತನ್ನು ನಾನು ನನ್ನ ಕಿವಿಯಿಂದಲೇ ಕೇಳಿದೆ, ಆಡಿದವರೊಡನೆ ಜಗಳವನ್ನೂ ಆಡಿದೆ. ಜೆರ್ಸಿಯ ಬೆನ್ನಿಗೂ ರನ್ನಿಗೂ ಗಂಟು ಹಾಕುವುದು ನಿರುಪದ್ರವಿ ಆಟ. ಗೇಟುಗಳ, ಗುಂಪಿನ, ಅನುಮತಿಯ, ವ್ಯವಸ್ಥೆಯ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದ ಜಾಗದಲ್ಲಿ ಶಕುನವನ್ನು ತಂದಿಡುವುದು ಆಟವಲ್ಲ.

ಬರೆಸಿಯೇ ತೀರುತ್ತೇನೆ ಎನ್ನುವವರಿಗೆ ತಾಂತ್ರಿಕವಾದ ಒಂದು ಸಲಹೆಯನ್ನಾದರೂ ಕೊಡಬಲ್ಲೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಮಾಡುವುದು ವಿನೈಲ್ ಅಕ್ಷರಗಳನ್ನು ಕತ್ತರಿಸಿ ಬಿಸಿ ಒತ್ತುಯಂತ್ರದಲ್ಲಿ ಅಂಟಿಸುವ ಕೆಲಸ. ಇನ್ನೊಂದು ವಿಧಾನದಲ್ಲಿ ಬಣ್ಣವೇ ಬಿಸಿಗೆ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೆ ಇಳಿಯುತ್ತದೆ, ಅದು ಹೋಗುವುದಿಲ್ಲ. 42 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ತಾರಸಿಯ ಮೇಲೆ ಒಣಗುವ ಜೆರ್ಸಿಯ ವಿನೈಲ್ ಅಕ್ಷರಗಳ ಅಂಚು ಎರಡನೆಯ ವರ್ಷಕ್ಕೆ ಮೇಲೇಳುತ್ತದೆ. ಹರಾಜಿನ ಅವಧಿ ಗಮನಿಸಿದರೆ ವಿನೈಲೇ ಹೆಚ್ಚು ಪ್ರಾಯೋಗಿಕ.

ನನ್ನ ನಿಯಮಕ್ಕೆ ನಿಜವಾದ ಸವಾಲು ಬಂದದ್ದು ನಮ್ಮ ಓಣಿಯ ಕಾಲೇಜು ಹುಡುಗಿಯೊಬ್ಬಳಿಂದ. 2024ರ ಮಾರ್ಚ್‌ನಲ್ಲಿ ಆರ್‌ಸಿಬಿಯ ಮಹಿಳಾ ತಂಡ ದೆಹಲಿಯನ್ನು ಸೋಲಿಸಿ, ಪುರುಷರಿಗಿಂತ ಮೊದಲೇ ಕಪ್ಪು ತಂದಾಗ ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ಪಡೆದವರು ಶ್ರೇಯಾಂಕಾ ಪಾಟೀಲ. ಈ ಹುಡುಗಿ ಬೆನ್ನ ಮೇಲೆ ಪಾಟೀಲ ಎಂದು ಬರೆಸಿಕೊಂಡು ಬಂದಳು. ನಾನು ನಿಯಮವನ್ನು ತಿಳಿಸಿ ಹೇಳಿದಾಗ, ತನ್ನ ಅಡ್ಡಹೆಸರೂ ಪಾಟೀಲವೇ, ತಾನು ಬರೆಸಿದ್ದು ತನ್ನ ಹೆಸರನ್ನು, ಅದಕ್ಕೆ ಯಾರ ಅನುಮತಿ ಬೇಕು ಎಂದಳು. ಕಲಬುರಗಿಯಲ್ಲಿ ಈ ವಾದವನ್ನು ಒಪ್ಪಿದರೆ ಅರ್ಧ ಊರಿಗೆ ವಿನಾಯಿತಿ ಕೊಟ್ಟಂತಾಗುತ್ತದೆ. ಮರುವರ್ಷ ಗಾಯದಿಂದಾಗಿ ಶ್ರೇಯಾಂಕಾ ಇಡೀ ಟೂರ್ನಿಯನ್ನು ಆಡಲಿಲ್ಲ. ಕೆಂಪು ಜೆರ್ಸಿಯವರೂ ಕಿತ್ತಳೆ ಜೆರ್ಸಿಯವರೂ ಒಟ್ಟಾಗಿ ನನ್ನ ಕಡೆ ನೋಡಿ, ನಿಮ್ಮ ಮಾತು ಖರೇ ಆಯಿತೆಂದರು. ಹುಡುಗಿ ಮಾತ್ರ ಅದೇ ಜೆರ್ಸಿಯಲ್ಲಿ ಬಂದು, “ಹೆಸರ ನಂದೈತಿ, ನನಗೇನೂ ಆಗಿಲ್ಲಲ್ರಿ, ಪರೀಕ್ಷಾನೂ ಪಾಸಾಗೀನಿ” ಎಂದಳು. ಹೀಗಾಗಿ ನಿಯಮಕ್ಕೆ ಒಂದು ತಿದ್ದುಪಡಿ ಸೇರಿದೆ: ಹುಟ್ಟಿನಿಂದ ಬಂದ ಹೆಸರಿದ್ದವರು ಬರೆಸಿಕೊಳ್ಳಬಹುದು, ಸಂಖ್ಯೆಯನ್ನು ಮಾತ್ರ ಬೇರೆ ಹಾಕಿಸಬೇಕು. ಯಾವ ಸಂಖ್ಯೆ ಎಂಬುದರ ಮೇಲೆ ಅವಳಿಗೂ ನನಗೂ ಇನ್ನೂ ಒಮ್ಮತವಾಗಿಲ್ಲ.